ಗಾಡಿಯೊಳಗಿನ ಎಡೆಯೂ ಆಸನದ ಸುಖವೂ



ಯಲಹಂಕದ ಬಳಿ ಬಳ್ಳಾರಿಯ ಹೆದ್ದಾರಿಯನ್ನು ಬಿಟ್ಟು, ಬಾಗಲೂರು ಕ್ರಾಸಿನಲ್ಲಿ ಪೂರ್ವಕ್ಕೆ ತಿರುಗಿ ಕೆಲವು ಮೈಲಿ ಸಾಗಿದರೆ ನಮ್ಮ ಬಾಗಲೂರು ಸಿಕ್ಕುವುದು. ಬೆಳಗಿನ ಎಂಟು ಗಂಟೆಯ ಹೊತ್ತಿನಲ್ಲಿ ಈ ಊರಿನ ಬೀದಿಬದಿಯಲ್ಲಿ ಕಾಲು ಗಂಟೆ ನಿಂತವರು, ಮನುಷ್ಯನು ಕುಳಿತು ಪಯಣಿಸುವುದಕ್ಕಾಗಿ ಕಲ್ಪಿಸಿಕೊಂಡಿರುವ ಸಾಧನಗಳನ್ನು ಬಹುಮಟ್ಟಿಗೆ ಎಲ್ಲವನ್ನೂ ಕಾಣಬಹುದು. ಆಟೋರಿಕ್ಷಾ, ಮಿನಿಬಸ್ಸು, ನಗರ ಸಾರಿಗೆಯ ದೊಡ್ಡ ಬಸ್ಸು, ಶಾಲೆಯ ಹಳದಿ ವ್ಯಾನು, ವಿಮಾನ ನಿಲ್ದಾಣಕ್ಕೆ ಧಾವಿಸುವ ಬಾಡಿಗೆ ಕಾರು, ಸೊಪ್ಪಿನ ಮೂಟೆಗಳ ನಡುವೆ ಒಬ್ಬಿಬ್ಬರನ್ನು ಕೂರಿಸಿಕೊಂಡ ಸರಕಿನ ಗಾಡಿ. ಇವೆಲ್ಲವೂ ಒಂದರ ಹಿಂದೊಂದಾಗಿ ಹೋಗುತ್ತಿರುತ್ತವೆ. ತಲೆಯೆತ್ತಿದರೆ ಮೇಲೊಂದು ವಿಮಾನ. ಇವುಗಳ ಯಂತ್ರ ಬೇರೆ, ಬೆಲೆ ಬೇರೆ, ವೇಗ ಬೇರೆ. ಒಳಗೆ ಕುಳಿತ ಪ್ರಾಣಿ ಮಾತ್ರ ಒಂದೇ: ಐದೂವರೆ ಅಡಿ ಎತ್ತರದ, ಮೊಳಕಾಲು ಮಡಿಸಲೇಬೇಕಾದ, ಬೆನ್ನಿಗೆ ಆಸರೆಯನ್ನು ಬಯಸುವ ಮನುಷ್ಯ.

ಈ ಮನುಷ್ಯನಿಗೆ ಯಾವ ಗಾಡಿಯು ಎಷ್ಟು ಎಡೆಯನ್ನು ಕೊಡುತ್ತದೆ, ಯಾವ ಆಸನವು ಎಷ್ಟು ಸುಖವನ್ನು ಕೊಡುತ್ತದೆ ಎಂಬುದೇ ಇಂದಿನ ನಮ್ಮ ವಿಷಯ. ವಿಷಯವು ಅಲ್ಪವೆಂದು ಕೆಲವರಿಗೆ ತೋರಬಹುದು. ನಮಗೂ ಹಿಂದೆ ಹಾಗೆಯೇ ತೋರಿತ್ತು. ಆ ಭ್ರಮೆಯು ಹೇಗೆ ಹರಿಯಿತೆಂಬುದನ್ನು ಮೊದಲು ನಿವೇದಿಸಿ, ಬಳಿಕ ವಿಷಯಕ್ಕೆ ಬರುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವೊಂದು ಕಾರನ್ನು ಕೊಂಡೆವು. ಅಂಗಡಿಯಲ್ಲಿ ಅದರ ಮುಂದಿನ ಆಸನದಲ್ಲಿ ಐದು ನಿಮಿಷ ಕುಳಿತೆವು. ಹತ್ತಿಯ ಮೂಟೆಯಲ್ಲಿ ಹುದುಗಿದಂತೆ ಹಿತವಾಗಿತ್ತು. ನೋಡುವುದಕ್ಕೆ ಮೈತಗ್ಗಿಸಿ ನುಗ್ಗುವ ಚಿರತೆಯಂತಿತ್ತು. ಮನೆಯವರೆಲ್ಲರೂ ಮೆಚ್ಚಿದರು. ಆದರೆ ಅಂದಿನಿಂದ ನಮ್ಮ ತಾಯಿಯವರು ಹೊರಗೆ ಹೊರಡುವುದು ಕ್ರಮೇಣ ಕಡಮೆಯಾಯಿತು. ಮದುವೆಗೆ ಕರೆದರೆ, “ನೀವು ಹೋಗಿಬನ್ನಿ, ನನಗೆ ಮನೆಯೇ ಹಿತ” ಎನ್ನುವರು. ದೇವನಹಳ್ಳಿಯಲ್ಲಿ ಅವರ ಸ್ವಂತ ತಂಗಿ ಕಾಯಿಲೆಯಿಂದ ಮಲಗಿದ್ದರೂ, “ಮುಂದಿನ ವಾರ ನೋಡೋಣ” ಎನ್ನುವರು. ವಯಸ್ಸಾದ ಮೇಲೆ ಮನಸ್ಸು ಹೀಗೆ ಒಳಮುಖವಾಗುವುದು ಸಹಜವೆಂದು ನಾವು ವೇದಾಂತವನ್ನಾಡಿಕೊಂಡು ಸುಮ್ಮನಿದ್ದೆವು. ಎರಡು ವರ್ಷಗಳು ಕಳೆದ ಮೇಲೆ ಒಂದು ದಿನ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ, ಕಾರಿನಿಂದಿಳಿಯುವುದಕ್ಕಾಗಿ ಅವರು ಬಾಗಿಲ ಚೌಕಟ್ಟನ್ನು ಎರಡೂ ಕೈಗಳಿಂದ ಹಿಡಿದು, ಮೂರು ಬಾರಿ ಯತ್ನಿಸಿ, ಮೂರು ಬಾರಿಯೂ ಹಿಂದಕ್ಕೆ ಬಿದ್ದುದನ್ನು ಕಣ್ಣಾರೆ ಕಂಡೆವು. ತಾಯಿಯವರ ಮನಸ್ಸು ಒಳಮುಖವಾಗಿರಲಿಲ್ಲ. ಕಾರಿನ ಆಸನವು ನೆಲಕ್ಕೆ ಸಮೀಪವಾಗಿತ್ತು, ಅವರ ಮೊಳಕಾಲು ಅದನ್ನು ಸಹಿಸದಾಗಿತ್ತು. ಇಷ್ಟೇ ವಿಷಯ. ಇಷ್ಟಕ್ಕಾಗಿ ಒಬ್ಬ ತಾಯಿಯು ತನ್ನ ತಂಗಿಯ ಮುಖವನ್ನು ಎರಡು ವರ್ಷ ಕಾಣದೆ ಇದ್ದರು. ಅಂದಿನಿಂದ ನಾವು ಆಸನಗಳನ್ನು ಗೌರವದಿಂದ ನೋಡತೊಡಗಿದೆವು.

ಮೊದಲು ಹಿಂದಿನ ಕಾಲದ ಕಡೆಗೆ ಒಂದು ದೃಷ್ಟಿ. ಮೋಟಾರು ಹಳ್ಳಿಗಳ ಕಡೆಗೆ ಬರುವುದಕ್ಕೆ ಮುಂಚೆ ನಮ್ಮ ಸೀಮೆಯಲ್ಲಿ ಜನರನ್ನು ಹೊತ್ತುದು ಎತ್ತಿನ ಬಂಡಿ ಮತ್ತು ಜಟಕಾ. ಜಟಕಾದಲ್ಲಿ ಕುರ್ಚಿಯಂಥ ಆಸನವಿರಲಿಲ್ಲ. ಹಲಗೆಯ ಮೇಲೆ ಹುಲ್ಲು, ಹುಲ್ಲಿನ ಮೇಲೆ ಒಂದು ಚಾಪೆ ಅಥವಾ ಮೆತ್ತೆ. ಅದರ ಮೇಲೆ ಕಾಲು ಮಡಿಸಿ ಚಕ್ಕಳಮಕ್ಕಳ ಹಾಕಿ ಕೂರಬೇಕು. ಎರಡೇ ಚಕ್ರದ ಗಾಡಿಯಾದುದರಿಂದ ಭಾರವು ಅಚ್ಚಿನ ಮೇಲೆ ಸಮನಾಗಿ ನಿಲ್ಲಬೇಕು. ಹಿಂದೆ ಭಾರ ಹೆಚ್ಚಿದರೆ ಮೂಕಿ ಮೇಲಕ್ಕೆದ್ದು ಕುದುರೆಯನ್ನೇ ಎತ್ತುವಂತಾಗುವುದು. ಮುಂದೆ ಹೆಚ್ಚಿದರೆ ಕುದುರೆಯ ಬೆನ್ನು ಬಳಲುವುದು. ಆದುದರಿಂದಲೇ “ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ, ಸ್ವಲ್ಪ ಹಿಂದಕ್ಕೆ ಸರಿಯಿರಿ ತಾಯಿ” ಎಂಬುದು ಜಟಕಾದವನ ನಿತ್ಯಮಂತ್ರವಾಗಿತ್ತು. ಒಳಗಿನ ಎಡೆ ಅತ್ಯಲ್ಪವಾದರೂ, ನೆಲದ ಮೇಲೆ ಕೂರುವ ಅಭ್ಯಾಸವಿದ್ದ ಜನರಿಗೆ ಅದು ಮನೆಯ ಜಗಲಿಯ ತುಣುಕಿನಂತಿತ್ತು. ಇದರಿಂದ ನಾವು ಕಲಿಯತಕ್ಕ ಮೊದಲನೆಯ ಪಾಠವಿದು: ಆಸನದ ಸುಖವೆಂಬುದು ಆಸನದಲ್ಲಿ ಮಾತ್ರ ಇರುವುದಿಲ್ಲ, ಕೂರುವವನ ದೇಹದ ರೂಢಿಯಲ್ಲಿಯೂ ಇರುತ್ತದೆ.

ಅನಂತರ ರೈಲು. ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಗೆ 1910ರ ದಶಕದಲ್ಲಿ ಹಾಕಿದ ರೈಲು ಕಿರುಹಳಿಯದು. ಹಳಿಗಳ ನಡುವಣ ಅಂತರ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಇಂದು ಅದೇ ದಿಕ್ಕಿನಲ್ಲಿ 1676 ಮಿಲಿಮೀಟರಿನ ಬ್ರಾಡ್‌ಗೇಜ್ ಹಳಿಯಿದೆ. ಹಳಿ ಅಗಲವಾದಷ್ಟೂ ಡಬ್ಬಿ ಅಗಲವಾಗುವುದೆಂದು ಯಾರಾದರೂ ಊಹಿಸುವರು. ಆ ಊಹೆ ಪೂರ್ತಿಯಾಗಿ ಸರಿಯಲ್ಲ. ಬ್ರಾಡ್‌ಗೇಜಿನ ಸಾಮಾನ್ಯ ಡಬ್ಬಿ ಸುಮಾರು 3.25 ಮೀಟರ್ ಅಗಲವಿರುತ್ತದೆ. 2011ರಲ್ಲಿ ಆರಂಭವಾದ ಬೆಂಗಳೂರಿನ ‘ನಮ್ಮ ಮೆಟ್ರೊ’ ಓಡುವುದು 1435 ಮಿಲಿಮೀಟರಿನ ಹಳಿಯ ಮೇಲೆ. ಆದರೂ ಅದರ ಡಬ್ಬಿ 2.88 ಮೀಟರ್ ಅಗಲವಿದೆ. ಹಳಿ ಕಿರಿದಾದ ಪ್ರಮಾಣದಲ್ಲಿ ಡಬ್ಬಿ ಕಿರಿದಾಗಲಿಲ್ಲ. ಗಾಡಿಯ ಒಳಗಿನ ಎಡೆಯು ಚಕ್ರಗಳ ಅಂತರವನ್ನು ಮಾತ್ರ ಅವಲಂಬಿಸುವುದಿಲ್ಲ, ಮೈಯನ್ನು ಕಟ್ಟುವವರ ಜಾಣ್ಮೆಯನ್ನೂ ಅವಲಂಬಿಸುತ್ತದೆ ಎಂಬುದು ಎರಡನೆಯ ಪಾಠ.

ಈ ಜಾಣ್ಮೆಯ ನಿಜವಾದ ಪರೀಕ್ಷೆ ನಡೆದುದು ಕಾರಿನಲ್ಲಿ. ರೈಲಿಗೆ ಉದ್ದದ ಅಭಾವವಿಲ್ಲ. ಕಾರಿಗಾದರೋ ಬೀದಿಯೂ, ಮನೆಯ ಮುಂದಿನ ಜಾಗವೂ, ಕೊಳ್ಳುವವನ ಹಣವೂ ಮಿತಿಯನ್ನು ಹಾಕುತ್ತವೆ. ನಮ್ಮಲ್ಲಿ ಹಿರಿಯರು ಇಂದಿಗೂ ನೆನೆಯುವ ಕಾರು ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮಾದರಿಯಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು 1950ರ ದಶಕದ ಕೊನೆಯಿಂದ 2014ರವರೆಗೆ ಅದನ್ನು ತಯಾರಿಸಿದರು. ಉದ್ದ ನಾಲ್ಕು ಮೀಟರಿಗೆ ಮೀರಿದ್ದು; ಹಿಂದಿನ ಆಸನ ಮನೆಯ ಸೋಫಾದಂತೆ ಎತ್ತರವಾಗಿಯೂ ಅಗಲವಾಗಿಯೂ ಇದ್ದಿತು. ಪಂಚೆಯುಟ್ಟವರೂ ಸೀರೆಯುಟ್ಟವರೂ ಬಾಗಿಲನ್ನು ತೆರೆದು, ತಿರುಗಿ, ಸುಮ್ಮನೆ ಕುಳಿತರಾಯಿತು. ತಲೆ ತಗ್ಗಿಸುವ ಕಷ್ಟ ಹೆಚ್ಚಾಗಿರಲಿಲ್ಲ. ಆದರೆ ಅದರ ಎಂಜಿನ್ನು ಮುಂದೆ ಉದ್ದುದ್ದವಾಗಿ ಕುಳಿತಿತ್ತು. ಅದರ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉಕ್ಕಿನ ದಂಡವು ಕಾರಿನ ನೆಲದ ನಡುವೆ ಹಾಯ್ದು ಹೋಗುತ್ತಿತ್ತು. ಆದುದರಿಂದ ಉದ್ದದಲ್ಲಿ ಬಹುಭಾಗ ಯಂತ್ರದ ಪಾಲಾಯಿತು. ನೆಲದ ಮಧ್ಯದಲ್ಲಿ ಒಂದು ದಿಣ್ಣೆಯೂ ಎದ್ದಿತು. ಹಿಂದಿನ ಸೀಟಿನ ನಡುವೆ ಕುಳಿತವನ ಪಾದಗಳಿಗೆ ನೆಲೆಯೆಂಬುದಿರಲಿಲ್ಲ. ಆ ಸ್ಥಳವನ್ನು ಮನೆಯ ಕಿರಿಯ ಮಗನಿಗೆ ಕೊಡುವುದು ವಾಡಿಕೆ. ಈ ವಿಷಯದಲ್ಲಿ ನಮ್ಮ ಅನುಭವವು ಸಾಕಷ್ಟಿದೆ.

ಈ ಕಷ್ಟಕ್ಕೆ ಪರಿಹಾರವನ್ನು 1959ರಲ್ಲಿ ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೊನಿಸ್ ಎಂಬ ಯಂತ್ರಶಿಲ್ಪಿಯು ‘ಮಿನಿ’ ಎಂಬ ಪುಟ್ಟ ಕಾರಿನಲ್ಲಿ ತೋರಿಸಿದನು. ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿ ಇಟ್ಟನು. ಶಕ್ತಿಯನ್ನು ಮುಂದಿನ ಚಕ್ರಗಳಿಗೇ ಕೊಟ್ಟನು. ಉದ್ದನೆಯ ದಂಡವೂ ಹೋಯಿತು, ದಿಣ್ಣೆಯೂ ಬಹಳ ಮಟ್ಟಿಗೆ ತಗ್ಗಿತು. ಹತ್ತು ಅಡಿ ಉದ್ದದ ಕಾರಿನಲ್ಲಿ ನಾಲ್ವರು ದೊಡ್ಡವರು ಕೂರುವಂತಾಯಿತು. ಅಡ್ಡ ಎಂಜಿನ್ನನ್ನು ಅವನಿಗೂ ಮುಂಚೆ ಪ್ರಯೋಗಿಸಿದವರುಂಟು. ಅದರಿಂದ ಎಷ್ಟು ಎಡೆ ಲಭಿಸುವುದೆಂಬುದನ್ನು ಲೋಕಕ್ಕೆ ಮನಗಾಣಿಸಿದ ಕೀರ್ತಿ ಮಿನಿಗೆ ಸಲ್ಲತಕ್ಕದ್ದು. ಇಂದು ಲೋಕದ ಸಣ್ಣ ಕಾರುಗಳಲ್ಲಿ ಬಹುಪಾಲು ಇದೇ ತತ್ತ್ವದ ಮೇಲೆ ನಿಂತಿವೆ. ನಮ್ಮ ದೇಶಕ್ಕೆ ಈ ತತ್ತ್ವವನ್ನು ಮನೆಮನೆಗೂ ತಂದುದು 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800.

ಆದರೆ ಜಾಣ್ಮೆಗೂ ಒಂದು ಮಿತಿಯುಂಟು. ಮಾರುತಿ 800ರ ಹೊರಗಿನ ಅಗಲ 1440 ಮಿಲಿಮೀಟರ್. ಎರಡು ಬಾಗಿಲುಗಳ ದಪ್ಪವನ್ನು ಕಳೆಯಿರಿ. ಒಬ್ಬ ವಯಸ್ಕನ ಭುಜಗಳ ಅಗಲವನ್ನು ಸುಮಾರು 45 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಮೂವರಿಗೆ 135 ಸೆಂಟಿಮೀಟರ್ ಬೇಕು. ಲೆಕ್ಕವು ಕೂಡುವುದಿಲ್ಲ. ಆದರೂ ನಮ್ಮ ಸಂಸಾರಗಳು ಆ ಕಾರಿನಲ್ಲಿ ತಿರುಪತಿಗೂ ಧರ್ಮಸ್ಥಳಕ್ಕೂ ಐದಾರು ಮಂದಿಯಾಗಿ ಹೋಗಿಬಂದವು. ಒಬ್ಬರು ಬೆನ್ನೊರಗಿದರೆ ಪಕ್ಕದವರು ಮುಂದಕ್ಕೆ ಬಾಗುವುದು, ಮಕ್ಕಳು ತೊಡೆಯೇರುವುದು, ಹೀಗೆ ಎಡೆಯು ಕಾರಿನಲ್ಲಿರದಿದ್ದರೂ ಮನಸ್ಸಿನಲ್ಲಿತ್ತು. ಇಂದಿನ ತಿಳಿವಳಿಕೆಯಿಂದ ನೋಡಿದರೆ, ಒಬ್ಬೊಬ್ಬರಿಗೂ ಒಂದೊಂದು ಆಸನಪಟ್ಟಿ ಇರಬೇಕಾದುದರಿಂದ, ಆ ಔದಾರ್ಯವನ್ನು ನಾವು ಶ್ಲಾಘಿಸುವೆವೇ ಹೊರತು ಅನುಕರಿಸಲಾರೆವು. ತೊಡೆಯ ಮೇಲಿನ ಮಗುವನ್ನು ಅಪಘಾತದ ಹೊಡೆತದಲ್ಲಿ ಯಾವ ತಾಯಿಯ ತೋಳೂ ಹಿಡಿದು ನಿಲ್ಲಿಸಲಾರದು.

1998ರ ಕೊನೆಯಲ್ಲಿ ಟಾಟಾದವರ ಇಂಡಿಕಾ ಬಂದಿತು. ಜೆನ್ ಕಾರಿನ ಹೊರ ಅಳತೆ, ಅಂಬಾಸಡರಿನ ಒಳ ಎಡೆ, ಮಾರುತಿ 800ಕ್ಕೆ ಸಮೀಪದ ಬೆಲೆ. ಇವು ಮೂರನ್ನೂ ಕೂಡಿಸುವುದು ಅದರ ಸಂಕಲ್ಪವಾಗಿತ್ತು. ಹಿಂದಿನ ಸೀಟಿನ ಅಗಲದಲ್ಲಿ ಆ ಸಂಕಲ್ಪವು ಬಹುಮಟ್ಟಿಗೆ ನೆರವೇರಿತೆಂದೇ ಹೇಳಬಹುದು. ಬಾಡಿಗೆ ಕಾರುಗಳ ಸಾಲಿನಲ್ಲಿ ಅದು ಬಹುಕಾಲ ರಾರಾಜಿಸಿದುದಕ್ಕೆ ಡೀಸೆಲ್ಲಿನ ಮಿತವ್ಯಯದೊಡನೆ ಇದೂ ಒಂದು ಕಾರಣ. 2008ರಲ್ಲಿ ಅದೇ ಸಂಸ್ಥೆಯವರು ತೋರಿಸಿದ ನ್ಯಾನೊ ಎಂಜಿನ್ನನ್ನು ಹಿಂದಕ್ಕೆ ಕಳುಹಿಸಿ, ಮೂರು ಮೀಟರಿಗೆ ತುಸು ಮೀರಿದ ಉದ್ದದಲ್ಲಿಯೇ ಮಾರುತಿ 800ಕ್ಕಿಂತ ಹೆಚ್ಚಿನ ಎಡೆಯನ್ನು ಜನರಿಗೆ ಒದಗಿಸಿತು. ಸಾಮಾನಿಗೆ ಉಳಿದ ಜಾಗ ಮಾತ್ರ ಅತ್ಯಲ್ಪ. ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿ 2001ರಲ್ಲಿ ಬೀದಿಗಿಳಿದ ವಿದ್ಯುತ್ ಕಾರು ರೇವಾ ಇನ್ನೂ ಚಿಕ್ಕದು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಎಂದು ಅದನ್ನು ಮಾಡಿದವರೇ ಒಪ್ಪಿಕೊಂಡಿದ್ದರು. ಐವರ ಆಸನವೆಂದು ಹೇಳಿ ಮೂವರೂವರೆಯನ್ನು ಕೂರಿಸುವ ಕಾರುಗಳಿಗಿಂತ ಈ ಪ್ರಾಮಾಣಿಕತೆಯು ಮೇಲು.

ಗಾಡಿಯ ಒಳಗಿನ ಎಡೆಯನ್ನು ಸರ್ಕಾರದ ಸುಂಕವೂ ನಿರ್ಣಯಿಸುತ್ತದೆಂದರೆ ಶ್ರೋತೃಗಳಿಗೆ ಆಶ್ಚರ್ಯವಾಗಬಹುದು. 2006ರ ಕೇಂದ್ರ ಆಯವ್ಯಯದಲ್ಲಿ, ನಾಲ್ಕು ಮೀಟರಿಗೆ ಮೀರದ ಉದ್ದವಿದ್ದು ಎಂಜಿನ್ನು ನಿಯಮಿತ ಗಾತ್ರದೊಳಗಿರುವ ಕಾರುಗಳಿಗೆ ಸುಂಕವನ್ನು ಇಳಿಸಿದರು. ಅಂದಿನಿಂದ ಅನೇಕ ಕಾರುಗಳ ಬಾಲವನ್ನು ಕತ್ತರಿಯಿಂದ ಕತ್ತರಿಸಿದಂತಾಯಿತು. ಉದ್ದಕ್ಕೆ ಬೆಳೆಯಲಾರದ ಕಾರು ಎತ್ತರಕ್ಕೆ ಬೆಳೆಯುವುದೊಂದೇ ಉಳಿದ ದಾರಿ. 1998-99ರಲ್ಲಿ ಬಂದ ಸ್ಯಾಂಟ್ರೊ, ವ್ಯಾಗನ್ ಆರ್ ಎಂಬ ಕಾರುಗಳು ಈ ದಾರಿಯನ್ನು ಮೊದಲೇ ತೋರಿಸಿದ್ದವು. ಆರಂಭದಲ್ಲಿ ಅವನ್ನು ಪೆಟ್ಟಿಗೆಯೆಂದು ನಕ್ಕವರುಂಟು. ನಗುವವರಿಗೆ ಎತ್ತರದ ಮರ್ಮವು ತಿಳಿದಿರಲಿಲ್ಲ.

ಆ ಮರ್ಮವನ್ನು ಶ್ರೋತೃಗಳು ತಮ್ಮ ಮನೆಯಲ್ಲಿಯೇ ಪರೀಕ್ಷಿಸಬಹುದು. ಗೋಡೆಗೊರಗಿ ಮಣೆಯ ಮೇಲೆ ಕುಳಿತು ಕಾಲುಗಳನ್ನು ಮುಂದಕ್ಕೆ ಚಾಚಿರಿ. ಗೋಡೆಯಿಂದ ಹಿಮ್ಮಡಿಯವರೆಗೆ ಎಷ್ಟಾಗುವುದೆಂದು ಅಳೆಯಿರಿ. ಬಳಿಕ ಅದೇ ಗೋಡೆಗೆ ಒಂದು ಕುರ್ಚಿಯನ್ನಿಟ್ಟು ಕುಳಿತು ಅಳೆಯಿರಿ. ಒಂದು ಅಡಿಯಷ್ಟಾದರೂ ಉಳಿತಾಯವು ಕಾಣುವುದು. ಆಸನವನ್ನು ತಗ್ಗಿಸಿದಷ್ಟೂ ಕಾಲಿಗೆ ಉದ್ದ ಬೇಕು. ಏರಿಸಿದಷ್ಟೂ ಕಡಮೆ ಉದ್ದವು ಸಾಕು. ಆದುದರಿಂದ, ಹೊರಗಿನಿಂದ ನೋಡುವುದಕ್ಕೆ ಗಿಡ್ಡವಾಗಿಯೂ ಎತ್ತರವಾಗಿಯೂ ಇರುವ ಕಾರಿನ ಒಳಗೆ, ನೀಳವಾಗಿ ತಗ್ಗಾಗಿರುವ ಕಾರಿನಲ್ಲಿರುವುದಕ್ಕಿಂತ ಹೆಚ್ಚಿನ ಸುಖವಿರುವುದು ಅಸಂಭವವೇನೂ ಅಲ್ಲ. ಇತ್ತೀಚಿನ ವಿದ್ಯುತ್ ಕಾರುಗಳಲ್ಲಿ ಇದೇ ತತ್ತ್ವವು ಇನ್ನೊಂದು ರೂಪದಲ್ಲಿ ಕಾಣಿಸುತ್ತದೆ. ಅವುಗಳ ಬ್ಯಾಟರಿಯನ್ನು ಬಹುತೇಕ ನೆಲದ ಕೆಳಗೆ ಹಾಸುತ್ತಾರೆ. ದಿಣ್ಣೆಯಿಲ್ಲದ ಸಪಾಟು ನೆಲವು ಲಭಿಸುವುದು ಲಾಭ. ಆದರೆ ನೆಲವು ಮೇಲಕ್ಕೆದ್ದು ಆಸನವು ಇದ್ದಲ್ಲಿಯೇ ಉಳಿದರೆ, ಮೊಳಕಾಲುಗಳು ಎದೆಯ ಕಡೆಗೆ ಏರುತ್ತವೆ; ತೊಡೆಗಳು ಮೆತ್ತೆಯನ್ನು ಮುಟ್ಟದೆ ಗಾಳಿಯಲ್ಲಿ ನಿಲ್ಲುತ್ತವೆ. ಮೊಳಕಾಲಿನ ಮುಂದೆ ಒಂದು ಗೇಣು ಜಾಗವಿದ್ದರೂ ಅಂಥ ಆಸನದಲ್ಲಿ ಒಂದು ಗಂಟೆ ಕಳೆಯುವುದು ಕಷ್ಟ.

ಇದರಿಂದ ಎಡೆಯೇ ಬೇರೆ, ಸುಖವೇ ಬೇರೆ ಎಂಬುದು ಸ್ಪಷ್ಟವಾಗುವುದು. ಸುಖದ ವಿಚಾರದಲ್ಲಿ ನಾವೆಲ್ಲರೂ ಮಾಡುವ ಮೊದಲನೆಯ ತಪ್ಪು, ಮೃದುತ್ವವನ್ನೇ ಸುಖವೆಂದು ಭ್ರಮಿಸುವುದು. ಕುಳಿತ ಮನುಷ್ಯನ ಭಾರದಲ್ಲಿ ಹೆಚ್ಚಿನ ಪಾಲು ಸೊಂಟದ ಕೆಳಗಿರುವ ಎರಡು ಎಲುಬುಗಳ ಮೇಲೆ ಬೀಳುತ್ತದೆ. ಅತಿ ಗಡುಸಾದ ಹಲಗೆಯ ಮೇಲೆ ಆ ಎರಡು ಬಿಂದುಗಳು ನೋಯುತ್ತವೆ. ಅತಿ ಮೃದುವಾದ ಮೆತ್ತೆಯಲ್ಲಿ ಮೈ ಹೂತುಹೋಗಿ, ಬೆನ್ನು ಬಿಲ್ಲಿನಂತೆ ಬಾಗಿ, ಅತ್ತಿತ್ತ ಸರಿದು ಕೂರುವ ಸ್ವಾತಂತ್ರ್ಯವೂ ತಪ್ಪುತ್ತದೆ. ಭಾರವನ್ನು ತೊಡೆಗಳಿಗೂ ಬೆನ್ನಿಗೂ ಹಂಚುವಷ್ಟು ಗಟ್ಟಿಯಾದ, ಎಲುಬು ನೋಯದಷ್ಟು ಮೆತ್ತನೆಯ ಆಸನವೇ ದೂರದ ಪಯಣಕ್ಕೆ ಯೋಗ್ಯ. ತೆಂಗಿನ ನಾರಿಗೆ ರಬ್ಬರಿನ ಹಾಲನ್ನು ಸವರಿ ಮಾಡುತ್ತಿದ್ದ ಹಿಂದಿನ ಮೆತ್ತೆಗಳು ಗಟ್ಟಿಯಾಗಿದ್ದರೂ ಗಾಳಿಯಾಡುತ್ತಿದ್ದವು. ಈಗಿನ ಕೃತಕ ನೊರೆಯ ಮೆತ್ತೆಗಳನ್ನು ಬೇಕಾದಷ್ಟು ಗಡುಸಿಗೆ ಎರಕ ಹೊಯ್ಯಬಹುದು. ಆದರೆ ಅವುಗಳ ಮೇಲೆ ತೊಗಲಿನಂತೆ ತೋರುವ ಕೃತಕ ಹೊದಿಕೆಯನ್ನು ಹಾಕಿಸಿದರೆ, ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಬೆನ್ನೂ ತೊಡೆಯೂ ಬೆವರಿನಿಂದ ತೊಯ್ಯುವುವು. ನಮ್ಮ ಹವೆಗೆ ಬಟ್ಟೆಯ ಹೊದಿಕೆಯೇ ಮೇಲೆಂಬುದು ನಮ್ಮ ಅಭಿಪ್ರಾಯ.

ಎರಡನೆಯದು ಅದುರಾಟ. ಕುಳಿತ ದೇಹವನ್ನು ಹೆಚ್ಚಾಗಿ ಪೀಡಿಸುವುದು ಸೆಕೆಂಡಿಗೆ 4ರಿಂದ 8 ಬಾರಿ ಮೇಲೆಕೆಳಗಾಗುವ ಕಂಪನವೆಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ; ಆ ಗತಿಯಲ್ಲಿ ದೇಹದ ಒಳಗಣ ಅಂಗಗಳೂ ಬೆನ್ನೆಲುಬೂ ತಾವೇ ತಾಳಕ್ಕೆ ಕುಣಿಯತೊಡಗುತ್ತವೆ. ಕಾರಿನ ಮೈಯನ್ನು ಸೆಕೆಂಡಿಗೆ ಒಂದು ಒಂದೂವರೆ ಬಾರಿ ಮಾತ್ರ ತೂಗುವಂತೆ ಸ್ಪ್ರಿಂಗುಗಳನ್ನು ಹೊಂದಿಸುವುದು ಈ ಕಾರಣದಿಂದ. ಅದು ಮನುಷ್ಯನ ನಡಿಗೆಯ ಗತಿಗೆ ದೂರವಲ್ಲ, ದೇಹಕ್ಕೆ ಪರಿಚಿತವಾದುದು. ಕಲ್ಲುಗಣಿಯ ಲಾರಿಗಳು ಓಡಾಡಿ ಹಳ್ಳಬಿದ್ದ ರಸ್ತೆಯಲ್ಲಿ ಹೋಗುವಾಗ ಸ್ಪ್ರಿಂಗೂ ಟೈರೂ ಮೆತ್ತೆಯೂ ಮೂರೂ ಸೇರಿ ದುಡಿಯಬೇಕು. ಆಟೋರಿಕ್ಷಾದಲ್ಲಿ ಸಣ್ಣ ಚಕ್ರವು ಸಣ್ಣ ಗುಂಡಿಗೂ ಇಳಿದುಬಿಡುತ್ತದೆ. ಆದುದರಿಂದ ಅದರ ಮೆತ್ತೆಯು ಎಷ್ಟೇ ದಪ್ಪವಾಗಿದ್ದರೂ ಬೆನ್ನಿಗೆ ಕ್ಷೇಮವಿಲ್ಲ. ಆದರೆ ಆಟೋರಿಕ್ಷಾದ ಒಂದು ಗುಣವನ್ನು ಮರೆಯಬಾರದು. ಬಾಗಿಲಿಲ್ಲ, ಹೊಸ್ತಿಲಿಲ್ಲ, ಆಸನ ಕುರ್ಚಿಯಂತೆ ಎತ್ತರ. ಹತ್ತುವುದೂ ಇಳಿಯುವುದೂ ಸುಲಭ. ನಮ್ಮ ತಾಯಿಯವರು ನಮ್ಮ ಕಾರನ್ನು ಬಿಟ್ಟು ತರಕಾರಿಗೆ ಆಟೋದಲ್ಲಿ ಹೋಗುತ್ತಿದ್ದುದರ ಗುಟ್ಟು ನಮಗೆ ತಡವಾಗಿ ತಿಳಿಯಿತು.

ಕಾರಿಲ್ಲದವರ ವಿಷಯವನ್ನು ಹೇಳದೆ ಈ ಭಾಷಣವನ್ನು ಮುಗಿಸುವುದು ಅನ್ಯಾಯವಾದೀತು. ಬೆಂಗಳೂರಿನ ನಗರ ಬಸ್ಸುಗಳು 1940ರಲ್ಲಿ ಖಾಸಗಿ ಕಂಪೆನಿಯಿಂದ ಆರಂಭವಾಗಿ, 1956ರಲ್ಲಿ ಸರ್ಕಾರದ ವಶವಾಗಿ, 1997ರಲ್ಲಿ ಮಹಾನಗರ ಸಾರಿಗೆ ಸಂಸ್ಥೆಯಾದವು. ಲಾರಿಯ ಚೌಕಟ್ಟಿನ ಮೇಲೆ ಮೈಕಟ್ಟಿದ ಹಳೆಯ ಬಸ್ಸಿನ ನೆಲವು ಭೂಮಿಯಿಂದ ಸುಮಾರು ಮೂರಡಿ ಮೇಲಿರುತ್ತದೆ. ಮೊಳಕಾಲು ನೋವಿನವರಿಗೆ ಅದು ಬೆಟ್ಟ. ಇಳಿನೆಲದ ಬಸ್ಸುಗಳಲ್ಲಿ ಈ ಎತ್ತರವು ಸುಮಾರು 40 ಸೆಂಟಿಮೀಟರಿಗೆ ಇಳಿಯುತ್ತದೆ. 2005-06ರಲ್ಲಿ ನಗರ ಸೇವೆಗೆ ಬಂದ ವೋಲ್ವೊ ಬಸ್ಸುಗಳಲ್ಲಿ ಜನರು ತಂಪನ್ನು ಹೊಗಳಿದರು. ಹೊಗಳಬೇಕಾದ ಇನ್ನೊಂದು ಅಂಶ ಅವುಗಳ ತಗ್ಗಿದ ಮೆಟ್ಟಿಲು. 2023ರ ಜೂನಿನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತ ಮೇಲೆ ಟಿಕೇಟಿನ ಅಡ್ಡಿಯು ಹೋಯಿತು. ವೃದ್ಧೆಯರಿಗೆ ಮೆಟ್ಟಿಲಿನ ಅಡ್ಡಿಯು ಎಷ್ಟೋ ಕಡೆ ಉಳಿದಿದೆ.

ಬಸ್ಸಿನಲ್ಲಿ ಯಾವ ಆಸನವು ಒಳ್ಳೆಯದೆಂದು ಕೇಳುವವರಿಗೆ ಒಂದು ಸೂಚನೆ: ಎರಡು ಅಚ್ಚುಗಳ ನಡುವೆ ಕುಳಿತುಕೊಳ್ಳಿ. ಹಿಂದಿನ ಚಕ್ರಗಳಿಂದಾಚೆಗೆ ಚಾಚಿಕೊಂಡಿರುವ ಭಾಗವು ಏತದ ಮರದ ತುದಿಯಂತೆ. ಚಕ್ರವು ಅಂಗುಲದಷ್ಟು ಎದ್ದರೆ ತುದಿಯು ಅದಕ್ಕಿಂತ ಹೆಚ್ಚಾಗಿ ಏಳುತ್ತದೆ. ಕೊನೆಯ ಸಾಲಿನಲ್ಲಿ ಕುಳಿತವರ ತಲೆ ಚಾವಣಿಗೆ ತಗಲುವುದು ವಿಧಿಯ ಕೈವಾಡವಲ್ಲ.

ಮೆಟ್ರೊದಲ್ಲಿ ಆಸನಗಳನ್ನು ಗೋಡೆಗೆ ಒತ್ತಿಸಿ ಉದ್ದಕ್ಕೆ ಹಾಕಿದ್ದಾರೆ. ಕಿಟಕಿಯ ನೋಟವೂ ಬೆನ್ನಿನ ಸುಖವೂ ಕಡಮೆ. ನಿಲ್ಲುವವರಿಗೆ ಮಾತ್ರ ನಡುವೆ ವಿಶಾಲವಾದ ಎಡೆ. ದಟ್ಟಣೆಯ ವೇಳೆಯಲ್ಲಿ ಚದರ ಮೀಟರಿಗೆ ಆರು ಮಂದಿ, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ನಿಲ್ಲುವರೆಂಬ ಎಣಿಕೆಯ ಮೇಲೆಯೇ ಇಂಥ ಗಾಡಿಗಳನ್ನು ನಿರ್ಮಿಸುತ್ತಾರೆ. ಈಗ ಒಂದು ಲೆಕ್ಕ. 3.7 ಮೀಟರ್ ಉದ್ದ, 1.6 ಮೀಟರ್ ಅಗಲದ ಒಂದು ಸಣ್ಣ ಕಾರು ರಸ್ತೆಯಲ್ಲಿ ಸುಮಾರು 6 ಚದರ ಮೀಟರನ್ನು ಆಕ್ರಮಿಸುತ್ತದೆ. ಬೆಳಗಿನ ಹೊತ್ತು ಹೆಬ್ಬಾಳದ ಮೇಲ್ಸೇತುವೆಯಲ್ಲಿ ಅಂಥ ಕಾರಿನೊಳಗೆ ಇಣುಕಿ ನೋಡಿದರೆ, ಎಷ್ಟೋ ಬಾರಿ ಒಬ್ಬರೇ ಕುಳಿತಿರುತ್ತಾರೆ. ಅಷ್ಟೇ ನೆಲದಲ್ಲಿ ಮೆಟ್ರೊ 36 ಮಂದಿಯನ್ನು ನಿಲ್ಲಿಸುತ್ತದೆ. ಒಬ್ಬನ ಎಡೆ 36 ಮಂದಿಯ ಎಡೆಗೆ ಸಮ. ಹೀಗಿರುವಾಗ, ತನ್ನ ಕಾರಿನಲ್ಲಿ ಮೊಳಕಾಲಿಗೆ ಇನ್ನೆರಡು ಅಂಗುಲ ಬೇಕಾಗಿತ್ತೆಂದು ಕೊರಗುವವನು, ನಾವೂ ಸೇರಿ, ಒಂದು ನಿಮಿಷ ಯೋಚಿಸತಕ್ಕದ್ದು.

ಹಣವಿದ್ದರೆ ಎಡೆ ತಾನಾಗಿ ದೊರಕುವುದೆಂಬ ಮಾತೂ ಸಂಪೂರ್ಣ ಸತ್ಯವಲ್ಲ. ನಮ್ಮ ಊರಿನ ಆಕಾಶದಲ್ಲಿ ಹಾರುವ ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ಒಂದು ಆಸನದಿಂದ ಮುಂದಿನ ಆಸನಕ್ಕಿರುವ ಅಂತರ ಹೆಚ್ಚುಕಡಮೆ 30 ಅಂಗುಲ. ಆಸನದ ಅಗಲ 17-18 ಅಂಗುಲ. ಬಸ್ಸಿನ ಸೀಟನ್ನು ಹಳಿಯುವವರು ಸಾವಿರಾರು ರೂಪಾಯಿಗಳನ್ನು ತೆತ್ತು, ಅದಕ್ಕಿಂತ ಹೇಳಿಕೊಳ್ಳುವಷ್ಟು ದೊಡ್ಡದಲ್ಲದ ಎಡೆಯಲ್ಲಿ ಮೊಳಕೈಗಳನ್ನು ಒಳಕ್ಕೆಳೆದುಕೊಂಡು ಹೋಗುತ್ತಾರೆ. ವೇಗವು ಅವಧಿಯನ್ನು ಕಿರಿದುಗೊಳಿಸುವುದರಿಂದ ಇಕ್ಕಟ್ಟು ಸಹ್ಯವಾಗುತ್ತದೆ, ಅಷ್ಟೆ.

ಇನ್ನು ನಮ್ಮ ಮನೆಯ ವಿಷಯಕ್ಕೆ ಮರಳೋಣ. ಕಾರನ್ನು ಬದಲಿಸುವುದೆಂದು ನಿಶ್ಚಯಿಸಿದ ಮೇಲೆ, ಈ ಬಾರಿ ನಾವು ಒಂದು ಅಳತೆಪಟ್ಟಿಯನ್ನೂ, ಅದಕ್ಕಿಂತ ಮುಖ್ಯವಾಗಿ ತಾಯಿಯವರನ್ನೂ ಕರೆದುಕೊಂಡು ಹೊರಟೆವು. ನಾವು ಅಳೆದುದು ನಾಲ್ಕನ್ನು. ಮೊದಲನೆಯದು, ನೆಲದಿಂದ ಆಸನದ ಎತ್ತರ: ನಿಂತವರು ತಿರುಗಿ ಹಿಂದಕ್ಕೆ ಸರಿದರೆ ಆಸನವು ತೊಡೆಯ ಮೇಲ್ಭಾಗಕ್ಕೆ ತಾಗಬೇಕು, ಒಳಕ್ಕೆ ಬೀಳುವಂತೆಯೂ ಇರಬಾರದು, ಮೇಲಕ್ಕೆ ಹತ್ತುವಂತೆಯೂ ಇರಬಾರದು. ಎರಡನೆಯದು, ಮುಂದಿನ ಆಸನವನ್ನು ಚಾಲಕನಿಗೆ ಹೊಂದಿಸಿದ ಮೇಲೆ ಹಿಂದೆ ಉಳಿಯುವ ಮೊಳಕಾಲಿನ ಜಾಗ; ಅಂಗಡಿಯವರು ಮುಂದಿನ ಆಸನವನ್ನು ಪೂರ್ತಿಯಾಗಿ ಮುಂದಕ್ಕೆ ತಳ್ಳಿಟ್ಟು ತೋರಿಸುವ ಜಾಗವಲ್ಲ. ಮೂರನೆಯದು, ತೊಡೆಗೆ ಆಸರೆ: ಕುಳಿತಾಗ ಮೊಳಕಾಲಿನ ಹಿಂಭಾಗಕ್ಕೂ ಮೆತ್ತೆಯ ಅಂಚಿಗೂ ನಡುವೆ ಮೂರು ನಾಲ್ಕು ಬೆರಳು ಎಡೆಯಿದ್ದು, ಉಳಿದ ತೊಡೆಯೆಲ್ಲವೂ ಮೆತ್ತೆಯ ಮೇಲಿರಬೇಕು. ನಾಲ್ಕನೆಯದು, ಬಾಗಿಲು ಎಷ್ಟು ಅಗಲ ತೆರೆಯುವುದೆಂಬುದು ಮತ್ತು ಹತ್ತುವಾಗ ತಲೆಗೆ ತಾಗುವ ಚಾವಣಿಯ ಅಂಚು. ಈ ನಾಲ್ಕನ್ನೂ ಅಳೆದ ಮೇಲೆ, ಐದು ನಿಮಿಷವಲ್ಲ, ಅರ್ಧ ಗಂಟೆ ಹಿಂದಿನ ಸೀಟಿನಲ್ಲಿ ಕುಳಿತು ಕೆಟ್ಟ ರಸ್ತೆಯಲ್ಲಿಯೇ ಓಡಿಸಿ ನೋಡಿದೆವು. ಕೆಟ್ಟ ರಸ್ತೆಗಾಗಿ ನಾವು ದೂರ ಹೋಗಬೇಕಾಗಲಿಲ್ಲ.

ಅನೇಕ ಹೊಸ ಕಾರುಗಳಲ್ಲಿ ಕುಳಿತೆದ್ದ ಮೇಲೆ, ಕೊನೆಗೆ ಒಂದು ಹಳೆಯ, ಎತ್ತರದ, ಸಣ್ಣ ಕಾರಿನಲ್ಲಿ ತಾಯಿಯವರು ಯಾರ ಕೈಯನ್ನೂ ಹಿಡಿಯದೆ ಕುಳಿತರು, ಯಾರ ಕೈಯನ್ನೂ ಹಿಡಿಯದೆ ಎದ್ದರು. “ಇದು ನಮ್ಮ ಹಜಾರದ ಕುರ್ಚಿಯ ಹಾಗಿದೆ” ಎಂದರು. ಅಳತೆಪಟ್ಟಿಯನ್ನು ಸುತ್ತಿ ಜೇಬಿನಲ್ಲಿಟ್ಟೆವು. ಕಾರಿನ ಬಣ್ಣವನ್ನು ಮಕ್ಕಳು ಒಪ್ಪಲಿಲ್ಲ. ಅದರ ಮುಖವು ಚಿರತೆಯಂತಿಲ್ಲ, ಬಹುಶಃ ಹಸುವಿನಂತಿದೆ. ಇರಲಿ.

ಮರುದಿನವೇ ತಾಯಿಯವರು ದೇವನಹಳ್ಳಿಗೆ ಹೊರಟರು. ಮುಂದಿನ ವಾರವೆಂಬ ಮಾತೇ ಬರಲಿಲ್ಲ. ಅಕ್ಕತಂಗಿಯರು ಅಂದು ಮಧ್ಯಾಹ್ನವೆಲ್ಲ ಒಂದೇ ಮಂಚದ ಮೇಲೆ ಕುಳಿತು ಮಾತನಾಡಿದರು. ಆಮೇಲೆ ಐದು ತಿಂಗಳು ವಾರಕ್ಕೊಮ್ಮೆ ತಪ್ಪದೆ ಹೋಗಿಬಂದರು. ಆರನೆಯ ತಿಂಗಳಲ್ಲಿ ಚಿಕ್ಕಮ್ಮನವರು ತೀರಿಕೊಂಡರು. ಆ ಐದು ತಿಂಗಳು ದೊರೆತುದಕ್ಕೆ ನಾವು ಕೃತಜ್ಞರು. ಅದಕ್ಕೆ ಮುಂಚಿನ ಎರಡು ವರ್ಷಗಳು ನಮ್ಮ ಲೆಕ್ಕದಲ್ಲಿ ಸಾಲವಾಗಿಯೇ ಉಳಿದಿವೆ.

ಆದುದರಿಂದ, ಗಾಡಿಯನ್ನು ಕೊಳ್ಳುವವರಿಗೂ, ಗಾಡಿಯನ್ನು ಕಟ್ಟುವವರಿಗೂ, ಬಸ್ಸುಗಳನ್ನು ತರಿಸುವ ಅಧಿಕಾರಿಗಳಿಗೂ ನಮ್ಮದೊಂದು ವಿಜ್ಞಾಪನೆ. ಗಾಡಿಯ ಎಡೆಯನ್ನು ಅದರಲ್ಲಿ ಕೂರುವ ಅತ್ಯಂತ ಬಲಿಷ್ಠನಿಂದ ಅಳೆಯಬೇಡಿರಿ, ಅತ್ಯಂತ ದುರ್ಬಲರಿಂದ ಅಳೆಯಿರಿ. ಮುಂದಿನ ಆಸನದಲ್ಲಿ ಕುಳಿತು ಹಿಂದಿನ ಆಸನದ ಸುಖವನ್ನು ನಿರ್ಣಯಿಸಬೇಡಿರಿ. ಮನೆಯಲ್ಲಿ ಯಾರಾದರೂ ಹಿರಿಯರು, “ನೀವು ಹೋಗಿಬನ್ನಿ, ನನಗೆ ಮನೆಯೇ ಹಿತ” ಎಂದರೆ, ಅವರ ಮನಸ್ಸನ್ನು ವಿಮರ್ಶಿಸುವುದಕ್ಕೆ ಮೊದಲು ನಿಮ್ಮ ಗಾಡಿಯ ಆಸನವನ್ನು ಒಮ್ಮೆ ಅಳೆದು ನೋಡಿರಿ.

ಇಷ್ಟು ಹೊತ್ತು ಕುಳಿತು ಕೇಳಿದಿರಿ. ನೀವು ಕುಳಿತಿರುವ ಆಸನವಾದರೂ ಸುಖವಾಗಿರಲೆಂದು ಹಾರೈಸುತ್ತೇವೆ.